ಗೆದ್ದ ಆಟದ ಐದನೇ ನಡೆ

ಹತ್ತು ನಿಮಿಷದ ಆನ್‌ಲೈನ್ ಚೆಸ್ ಆಟ. ಆಡಿದ ಇಬ್ಬರೂ ಗೆಳೆಯರು, ಬಿಡುವಿದ್ದಾಗ ಆಡುವ ಹವ್ಯಾಸಿಗಳು, ಬಲದಲ್ಲಿ ಹೆಚ್ಚುಕಡಿಮೆ ಸರಿಸಮ. ಬಿಳಿ ಆಡಿದವನು ಗೆದ್ದ. ಗೆದ್ದಮೇಲೆ ಅವನು ಹೇಳಿದ್ದು, “ಓಪನಿಂಗ್‌ನಲ್ಲೇ ಒಂದು ಟ್ರ್ಯಾಪ್ ಹಾಕಿದ್ದೆ. ಪೂರ್ತಿ ಬೀಳಲಿಲ್ಲ, ಆದ್ರೂ ಕೆಲಸ ಆಯ್ತು.” ಕಪ್ಪು ಆಡಿದವಳು ಹೇಳಿದ್ದು, “ಕೊನೇಲಿ ಟೈಮ್ ಸಾಲಲಿಲ್ಲ, ಅಷ್ಟೇ.”

ಇಬ್ಬರ ಲೆಕ್ಕವೂ ತಪ್ಪು. ಟ್ರ್ಯಾಪ್ ಕೆಲಸ ಮಾಡಿರಲೇ ಇಲ್ಲ, ಒಂದು ಕುದುರೆಯನ್ನು ಪುಕ್ಕಟೆ ಕೊಟ್ಟಿತ್ತು. ಅವಳ ಗೆಲುವು ಕೈತಪ್ಪಿದ್ದು ಗಡಿಯಾರದಿಂದಲ್ಲ, ಎಂಟನೇ ನಡೆಯಿಂದ. ಸೋತ ಆಟವನ್ನು ಮತ್ತೆ ಬಿಡಿಸಿ ನೋಡುವವರು ಸಿಗುತ್ತಾರೆ. ಗೆದ್ದ ಆಟದ ಓಪನಿಂಗ್‌ಗೆ ವಾಪಸ್ ಹೋಗುವವರು ಅಪರೂಪ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಾನು ಈ ಆಟ ತೆಗೆಸಿದ್ದು ಅದಕ್ಕೇ.

ಮೊದಲ ಹತ್ತು ನಡೆಗಳು ಇಲ್ಲಿವೆ. ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು. ಇ4, ಸಿ6 ಇವೆಲ್ಲ ಮನೆಗಳ ಹೆಸರು: ಬಿಳಿಯ ಎಡದಿಂದ ಬಲಕ್ಕೆ ಎ ಇಂದ ಎಚ್, ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8. ಕಾಯಿಯ ಹೆಸರಿಲ್ಲದೆ ಬರೀ ಮನೆ ಇದ್ದರೆ ಅದು ಕಾಲಾಳಿನ ನಡೆ. ಕ್ಯಾಸ್ಲಿಂಗ್ ಅಂದರೆ ರಾಜ ಎರಡು ಮನೆ ಬದಿಗೆ ಸರಿದು, ಆ ಬದಿಯ ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ಜೋಡಿ ನಡೆ.

1. ಇ4, ಇ5
2. ಕುದುರೆ ಎಫ್3, ಕುದುರೆ ಸಿ6
3. ಒಂಟೆ ಸಿ4, ಡಿ6
4. ಕುದುರೆ ಸಿ3, ಒಂಟೆ ಜಿ4
5. ಕುದುರೆ ಇ5ರ ಕಾಲಾಳನ್ನು ಹೊಡೆಯುತ್ತದೆ, ಸಿ6ರ ಕುದುರೆ ಆ ಕುದುರೆಯನ್ನು ಹೊಡೆಯುತ್ತದೆ
6. ಒಂಟೆ ಇ2, ಒಂಟೆ ಒಂಟೆಯನ್ನು ಹೊಡೆಯುತ್ತದೆ
7. ರಾಣಿ ಇ2ರಲ್ಲಿ ಮರಳಿ ಹೊಡೆಯುತ್ತದೆ, ಕಪ್ಪು ರಾಣಿ ಜಿ5
8. ರಾಜನ ಬದಿಗೆ ಕ್ಯಾಸ್ಲಿಂಗ್, ರಾಣಿಯ ಬದಿಗೆ ಕ್ಯಾಸ್ಲಿಂಗ್
9. ಡಿ4, ರಾಣಿ ಜಿ6
10. ಡಿ4ರ ಕಾಲಾಳು ಇ5ರ ಕುದುರೆಯನ್ನು ಹೊಡೆಯುತ್ತದೆ, ಡಿ6ರ ಕಾಲಾಳು ಇ5ರಲ್ಲಿ ಮರಳಿ ಹೊಡೆಯುತ್ತದೆ

ಹತ್ತು ನಡೆ ಮುಗಿದಾಗ ಇಬ್ಬರ ಬಳಿಯೂ ಅಷ್ಟಷ್ಟೇ ಕಾಯಿ, ಅಷ್ಟಷ್ಟೇ ಕಾಲಾಳು. ಮುಂದೆ ಮೂವತ್ತು ಚಿಲ್ಲರೆ ನಡೆ ಎಳೆದಾಡಿ ಕಪ್ಪಿನ ಸಮಯ ಮುಗಿಯಿತು. ಆ ಭಾಗ ಇಲ್ಲಿ ಬೇಡ.

ನಾಲ್ಕನೇ ನಡೆಯವರೆಗೆ ಗಾಬರಿಪಡುವಂಥದ್ದೇನೂ ಆಗಿಲ್ಲ. ಮೂರನೇ ನಡೆಯ ಡಿ6 ಕೊಂಚ ಅಂಜುಬುರುಕ ನಡೆ. ತನ್ನ ಎಫ್8ರ ಒಂಟೆಯ ದಾರಿಯನ್ನು ತಾನೇ ಚಿಕ್ಕದು ಮಾಡಿಕೊಳ್ಳುತ್ತದೆ, ಆದರೆ ಆಡಬಾರದ್ದೇನಲ್ಲ. ನಾಲ್ಕನೆಯದರಲ್ಲಿ ಒಂಟೆ ಜಿ4ಕ್ಕೆ ಬಂದು ಎಫ್3ರ ಕುದುರೆಯನ್ನು ಪಿನ್ ಮಾಡಿತು, ಅಂದರೆ ಸರಿದರೆ ಹಿಂದಿನ ದೊಡ್ಡ ಕಾಯಿಗೆ ಏಟು ಬೀಳುವಂತೆ ಕಟ್ಟಿಹಾಕಿತು. ಕಥೆ ಶುರುವಾಗುವುದು ಇಲ್ಲಿಂದ.

ಪಿನ್‌ನಲ್ಲಿ ಎರಡು ಬಗೆ. ಹಿಂದೆ ರಾಜ ಇದ್ದರೆ ಮುಂದಿನ ಕಾಯಿ ಆ ಗೆರೆ ಬಿಟ್ಟು ಅಲ್ಲಾಡುವ ಹಾಗೇ ಇಲ್ಲ, ನಿಯಮವೇ ಬಿಡುವುದಿಲ್ಲ. ಹಿಂದೆ ರಾಣಿ ಇದ್ದರೆ ನಿಯಮದ ಅಡ್ಡಿಯಿಲ್ಲ, ನಷ್ಟದ ಭಯ ಮಾತ್ರ. ಎಫ್3ರ ಕುದುರೆಯ ಹಿಂದೆ ಡಿ1ರಲ್ಲಿ ಇರುವುದು ರಾಣಿ. ಕುದುರೆ ಸರಿದರೆ ರಾಣಿ ಹೋಗುತ್ತದೆ, ಆದರೆ ರಾಣಿಯನ್ನು ಕೊಟ್ಟು ಅದಕ್ಕಿಂತ ದೊಡ್ಡದು ಸಿಗುವಂತಿದ್ದರೆ ಕುದುರೆ ಸರಿಯಬಹುದು. ಈ ತಂತ್ರಕ್ಕೆ ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಲೆಗಾಲ್‌ನ ಹೆಸರಿದೆ. ಪ್ಯಾರಿಸ್‌ನ ಕೆಫೆ ದ ಲಾ ರೆಜಾನ್ಸ್‌ನಲ್ಲಿ ಆಡುತ್ತಿದ್ದವನು, ಆ ಕಾಲದ ಹೆಸರಾಂತ ಆಟಗಾರ ಫಿಲಿಡೋರ್‌ನ ಗುರು. ಬಿಳಿ ಆಡಿದವನು ಇದನ್ನು ಎಲ್ಲೋ ನೋಡಿದ್ದ. ಕುದುರೆ ಇ5ರಲ್ಲಿ ಹೊಡೆಯುತ್ತದೆ, ಕಪ್ಪು ಆಸೆಬಿದ್ದು ರಾಣಿಯನ್ನು ತಿನ್ನುತ್ತದೆ, ಒಂಟೆ ಎಫ್7ರಲ್ಲಿ ಹೊಡೆದು ಚೆಕ್ ಕೊಡುತ್ತದೆ, ರಾಜ ಇ7ಕ್ಕೆ ಬರಲೇಬೇಕು, ಇನ್ನೊಂದು ಕುದುರೆ ಡಿ5ಕ್ಕೆ ಹಾರಿದರೆ ಚೆಕ್‌ಮೇಟ್. ರಾಣಿಯಿಲ್ಲದೆ ಎರಡು ಕುದುರೆ, ಒಂದು ಒಂಟೆ ಸೇರಿ ರಾಜನನ್ನು ಹಿಡಿಯುವ ಆ ಚಿತ್ರ ಒಮ್ಮೆ ಕಂಡರೆ ಮರೆಯುವಂಥದ್ದಲ್ಲ. ತೊಂದರೆಯ ಮೂಲವೂ ಅದೇ. ಚಿತ್ರ ನೆನಪಿತ್ತು, ಅದು ಯಾವಾಗ ಸಾಧ್ಯ ಅನ್ನುವುದು ನೆನಪಿರಲಿಲ್ಲ.

ಇ5ರ ಕುದುರೆಯನ್ನು ಕಂಡಾಗ ಕಪ್ಪಿನ ಮುಂದೆ ಮೂರು ದಾರಿ ಇದ್ದವು. ರಾಣಿಯನ್ನು ಹೊಡೆದರೆ ಮೇಲೆ ಹೇಳಿದ ಚೆಕ್‌ಮೇಟ್. ಡಿ6ರ ಕಾಲಾಳಿನಿಂದ ಕುದುರೆಯನ್ನು ಹೊಡೆದರೆ ಬಿಳಿ ರಾಣಿ ಜಿ4ರ ಒಂಟೆಯನ್ನು ಹೊಡೆದುಕೊಂಡು ಒಂದು ಕಾಲಾಳು ಹೆಚ್ಚು ಮಾಡಿಕೊಳ್ಳುತ್ತದೆ. ಬಿಳಿಗೆ ಎರಡೂ ಲಾಭ. ಮೂರನೆಯದು ಸಿ6ರ ಕುದುರೆಯಿಂದ ಹೊಡೆಯುವುದು, ಮತ್ತು ಅಲ್ಲೇ ಎಲ್ಲ ಮಗುಚುತ್ತದೆ. ಇ5ಕ್ಕೆ ಬಂದು ಕೂತ ಕಪ್ಪು ಕುದುರೆ ಅಲ್ಲಿಂದ ಜಿ4ರ ಮನೆಯನ್ನು ಕಾಯುತ್ತದೆ. ಬಿಳಿ ರಾಣಿ ಒಂಟೆಯನ್ನು ಹೊಡೆದರೆ ಕುದುರೆ ರಾಣಿಯನ್ನೇ ಹೊಡೆಯುತ್ತದೆ. ಸಾಲದ್ದಕ್ಕೆ ಅದೇ ಕುದುರೆ ಸಿ4ರ ಬಿಳಿ ಒಂಟೆಯ ಮೇಲೂ ಕಣ್ಣಿಟ್ಟಿದೆ. ಒಂದು ಕಡೆ ರಾಣಿಗೆ ಏಟು, ಇನ್ನೊಂದು ಕಡೆ ಒಂಟೆಗೆ. ಆರನೇ ನಡೆಯಲ್ಲಿ ಒಂಟೆಯನ್ನು ಇ2ಕ್ಕೆ ತಂದು ಎರಡನ್ನೂ ತಡೆದದ್ದು ಚೆನ್ನಾಗಿಯೇ ಇತ್ತು, ಆದರೆ ಕುದುರೆ ಹೋಗಿಯಾಗಿತ್ತು. ಬದಲಿಗೆ ಸಿಕ್ಕಿದ್ದು ಒಂದು ಕಾಲಾಳು.

ಅವಳು ಕುದುರೆಯಿಂದ ಹೊಡೆದದ್ದು ಟ್ರ್ಯಾಪ್ ಗೊತ್ತಿದ್ದು ಅಲ್ಲ. “ನನ್ನ ಕಾಲಾಳನ್ನು ಹೊಡೆದ, ನಾನು ಕುದುರೆಯಿಂದ ಹೊಡೆದೆ” ಅಂದಳು, ಅಷ್ಟೇ. ರಾಣಿ ಬಿಟ್ಟಿ ಸಿಕ್ಕಿದ್ದನ್ನು ಅವಳು ಗಮನಿಸಿಯೇ ಇರಲಿಲ್ಲ.

ಲೆಗಾಲ್‌ನ ಹೆಸರಿನಲ್ಲಿ ದಾಖಲಾಗಿರುವ ಆಟ ಹಲವು ಕಡೆ ಅಚ್ಚಾಗಿರುವ ರೂಪದಲ್ಲಿ ಕಪ್ಪು ಎರಡನೇ ನಡೆಯಲ್ಲೇ ಡಿ6 ಆಡಿರುತ್ತದೆ, ಸಿ6ರಲ್ಲಿ ಕುದುರೆಯೇ ಇರುವುದಿಲ್ಲ. ಮೂರನೇ ದಾರಿ ಅಲ್ಲಿ ಇಲ್ಲವೇ ಇಲ್ಲ, ಹಾಗಾಗಿ ತಂತ್ರ ಸಲೀಸು. ನಮ್ಮ ಆಟದಲ್ಲಿ ಎರಡನೇ ನಡೆಯಲ್ಲೇ ಆ ಕುದುರೆ ಬಂದು ಕೂತಿತ್ತು. ಉಳಿದದ್ದೆಲ್ಲ ಒಂದೇ ಥರ ಕಾಣುತ್ತದೆ. ಆ ಒಂದು ಕಾಯಿ ಬೇರೆ ಜಾಗದಲ್ಲಿದ್ದುದಕ್ಕೆ ಇಡೀ ತಂತ್ರ ತಲೆಕೆಳಗಾಯಿತು.

ಹಾಗಾದರೆ ಐದನೇ ನಡೆಯಲ್ಲಿ ಏನು ಆಡಬೇಕಿತ್ತು? ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕುವ ಚೆಸ್ ಸಾಫ್ಟ್‌ವೇರ್, ಎಚ್3 ಅನ್ನುತ್ತದೆ. ಆಟದ ವರದಿಯಲ್ಲಿ ಅದು ಬಿಳಿಯವನಿಗೂ ಕಂಡಿತ್ತು. ಒಂದು ಕಾಲಾಳನ್ನು ಒಂದು ಮನೆ ತಳ್ಳುವ ಸಪ್ಪೆ ನಡೆ ಅಂದುಕೊಂಡು ಮುಚ್ಚಿಬಿಟ್ಟಿದ್ದ. ಗೆದ್ದಿದ್ದನಲ್ಲ! ಮಣೆಯ ಮೇಲೆ ಕಾಯಿಗಳನ್ನು ಇಟ್ಟು ಎಚ್3 ಆಡಿಸಿ, “ಈಗ ಒಂಟೆ ಎಚ್5ಕ್ಕೆ ಹಿಂದೆ ಸರಿಯಿತು ಅಂದುಕೋ, ಅದೇ ಕುದುರೆ ನಡೆ ಈಗ ಆಡು” ಅಂದೆ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಇ5ರ ಮನೆಯ ಮೇಲೆ ಬೆರಳಿಟ್ಟು ಕುದುರೆ ಹಾರುವ ಮನೆಗಳನ್ನು ಒಂದೊಂದಾಗಿ ಮುಟ್ಟುತ್ತಾ ಬಂದ: ಜಿ4, ಜಿ6, ಎಫ್3, ಎಫ್7, ಡಿ3, ಡಿ7, ಸಿ4, ಸಿ6. “ಎಚ್5 ಇಲ್ಲ!”

ಎಚ್5 ಇಲ್ಲ, ವ್ಯತ್ಯಾಸ ಅಷ್ಟೇ. ಒಂಟೆ ಒಂದು ಮನೆ ಹಿಂದೆ ಹೋದ ಕೂಡಲೇ ಇ5ರ ಕುದುರೆಯ ಕಾವಲಿನಿಂದ ಹೊರಗೆ ಬಿತ್ತು. ಈಗ ಕಪ್ಪು ಸಿ6ರ ಕುದುರೆಯಿಂದ ಹೊಡೆದರೆ ಬಿಳಿ ರಾಣಿ ನಿಶ್ಚಿಂತೆಯಾಗಿ ಎಚ್5ರ ಒಂಟೆಯನ್ನು ಹೊಡೆಯುತ್ತದೆ. ಕಪ್ಪು ಕುದುರೆ ಸಿ4ರ ಒಂಟೆಯನ್ನು ತಿನ್ನುತ್ತದೆ, ನಿಜ. ಆದರೆ ರಾಣಿ ಬಿ5ಕ್ಕೆ ಬಂದು ಚೆಕ್ ಕೊಟ್ಟು, ಮುಂದಿನ ನಡೆಯಲ್ಲಿ ಸಿ4ರ ಕುದುರೆಯನ್ನು ವಸೂಲು ಮಾಡುತ್ತದೆ. ಲೆಕ್ಕ ಹಾಕಿದರೆ ಬಿಳಿಗೆ ಒಂದು ಕಾಲಾಳು ಲಾಭ. ಕಪ್ಪು ಡಿ6ರ ಕಾಲಾಳಿನಿಂದ ಹೊಡೆದರೂ ರಾಣಿ ಎಚ್5ರಲ್ಲಿ ಹೊಡೆಯುತ್ತದೆ, ಕಾಲಾಳು ಲಾಭವಾಗುವುದರ ಜೊತೆಗೆ ಎಫ್7ರಲ್ಲಿ ಚೆಕ್‌ಮೇಟ್ ಬೆದರಿಕೆಯೂ ಹುಟ್ಟುತ್ತದೆ. ರಾಣಿಯ ಆಸೆಗೆ ಬಿದ್ದರೆ ಅದೇ ಹಳೇ ಚೆಕ್‌ಮೇಟ್. ಮೂರೂ ದಾರಿ ಬಿಳಿಯ ಪರ.

ಅಂದರೆ ಅವನಿಗೆ ನೆನಪಿದ್ದ ತಂತ್ರ ತಪ್ಪಾಗಿರಲಿಲ್ಲ. ಒಂದು ನಡೆ ಮುಂಚೆ ಬಂತು.

ಇಲ್ಲಿ ನನ್ನದೊಂದು ತಕರಾರಿದೆ. ಓಪನಿಂಗ್ ಟ್ರ್ಯಾಪ್‌ಗಳನ್ನು ಹೇಳಿಕೊಡುವ ವಿಡಿಯೊಗಳು ಸಾಮಾನ್ಯವಾಗಿ ಎದುರಾಳಿ ಬೀಳುವ ದಾರಿಯನ್ನೇ ತೋರಿಸುತ್ತವೆ. ಎದುರಾಳಿ ಬೀಳದಿದ್ದರೆ ನನ್ನ ಸ್ಥಿತಿ ಏನು ಅನ್ನುವ ಪ್ರಶ್ನೆಗೆ ಅಲ್ಲಿ ಜಾಗವಿರುವುದು ಕಡಿಮೆ. ಒಳ್ಳೆಯ ಟ್ರ್ಯಾಪ್‌ಗೂ ಜೂಜಿಗೂ ಇರುವ ವ್ಯತ್ಯಾಸ ಆ ಪ್ರಶ್ನೆಯಲ್ಲಿದೆ. ಎಚ್3 ಆಡಿದ ಮೇಲೆ ಒಂಟೆ ಹಿಂದೆ ಸರಿಯದೆ ಎಫ್3ರ ಕುದುರೆಯನ್ನೇ ಹೊಡೆದರೂ ಬಿಳಿಗೆ ನಷ್ಟವಿಲ್ಲ. ಐದನೇ ನಡೆಯಲ್ಲೇ ಇ5ರಲ್ಲಿ ಹೊಡೆದರೆ, ಎದುರಾಳಿ ಸುಮ್ಮನೆ ಮರಳಿ ಹೊಡೆದರೂ ಸಾಕು, ಕಾಯಿ ಹೋಯಿತು.

ಗಡಿಯಾರ ಹೇಳುವ ಮಾತನ್ನೂ ಸೇರಿಸಬೇಕು. ಆನ್‌ಲೈನ್ ಆಟದಲ್ಲಿ ಪ್ರತಿ ನಡೆಗೆ ಹಿಡಿದ ಸಮಯ ದಾಖಲಾಗಿರುತ್ತದೆ. ಐದನೇ ನಡೆಗೆ ಬಿಳಿ ತೆಗೆದುಕೊಂಡದ್ದು ನಾಲ್ಕು ಸೆಕೆಂಡ್. ಆರನೆಯದಕ್ಕೆ ಒಂದೂವರೆ ನಿಮಿಷ. ರಾಣಿಯನ್ನು ಪಣಕ್ಕೆ ಒಡ್ಡುವ ನಡೆಗೆ ನಾಲ್ಕು ಸೆಕೆಂಡ್, ಮನೆ ಸುಟ್ಟಮೇಲೆ ಬಾವಿ ತೋಡಲು ಒಂದೂವರೆ ನಿಮಿಷ. ಹವ್ಯಾಸಿಗಳ ಆಟಗಳಲ್ಲಿ ಈ ಲಕ್ಷಣ ಮತ್ತೆ ಮತ್ತೆ ಸಿಗುತ್ತದೆ: ಗೊತ್ತಿದೆ ಅನಿಸಿದ ನಡೆ ಪಟಕ್ಕನೆ ಬರುತ್ತದೆ, ಯೋಚನೆ ಅದರ ಹಿಂದಿನಿಂದ ಬರುತ್ತದೆ.

ಈಗ ಕಪ್ಪಿನ ಕಡೆ. ಏಳನೇ ನಡೆಗೆ ಮುಂಚಿನ ಸ್ಥಿತಿಯಲ್ಲಿ ಅವಳ ಬಳಿ ಒಂದು ಕುದುರೆ ಹೆಚ್ಚು, ಒಂದು ಕಾಲಾಳು ಕಡಿಮೆ. ಕುದುರೆಗೆ ಮೂರು, ಕಾಲಾಳಿಗೆ ಒಂದು ಎಂಬ ರೂಢಿಯ ಲೆಕ್ಕದಲ್ಲಿ ಎರಡು ಅಂಕ ಮುಂದೆ. ಇಂಥಲ್ಲಿ ಮಾಡಬೇಕಾದ್ದು ಬೇಸರ ಹಿಡಿಸುವಷ್ಟು ಸರಳ. ಇ ಸಾಲಿನಲ್ಲಿ ಅವಳ ರಾಜನಿಗೆ ಎದುರಾಗಿ ಬಿಳಿ ರಾಣಿ ನಿಂತಿದೆ, ನಡುವೆ ಇರುವುದು ಒಂದು ಕುದುರೆ ಮತ್ತು ಬಿಳಿಯದೇ ಕಾಲಾಳು. ಎಫ್8ರ ಒಂಟೆಯನ್ನು ಇ7ಕ್ಕೆ ತಂದು ರಾಜನ ಮುಂದೆ ಅಡ್ಡ ನಿಲ್ಲಿಸು, ಜಿ8ರ ಕುದುರೆಯನ್ನು ಎಫ್6ಕ್ಕೆ ತೆಗೆ, ಕ್ಯಾಸ್ಲಿಂಗ್ ಮಾಡು. ಆಮೇಲೆ ಕಾಯಿಗೆ ಕಾಯಿ ಬದಲಾಯಿಸುತ್ತಾ ಹೋದರೆ ಹೆಚ್ಚಿರುವ ಕುದುರೆ ತಾನಾಗಿ ಮಾತಾಡುತ್ತದೆ.

ಅವಳು ರಾಣಿಯನ್ನು ಜಿ5ಕ್ಕೆ ತಂದಳು. ಜಿ2ರ ಕಾಲಾಳಿನ ಮೇಲೆ ಕಣ್ಣು. ಮುಂದೆ ಇರುವಾಗ ಇನ್ನೂ ಬೇಕು ಅನಿಸುವುದು ಸಹಜ, ಮತ್ತು ಈ ನಡೆ ತಾನಾಗಿಯೇ ಆಟ ಕೆಡಿಸಲಿಲ್ಲ. ಕೆಡಿಸಿದ್ದು ಇದರ ನಂತರದ್ದು.

ಬಿಳಿ ಎಂಟನೇ ನಡೆಯಲ್ಲಿ ಕ್ಯಾಸ್ಲಿಂಗ್ ಮಾಡಿದ. ಈ ಇಡೀ ಆಟದಲ್ಲಿ ನನಗೆ ಹೆಚ್ಚು ಹಿಡಿಸಿದ ನಡೆ ಇದೇ, ಅವನೇ ಅದರ ಬೆಲೆ ಪೂರ್ತಿ ಅರಿತಿರಲಿಲ್ಲ. ಮೇಲ್ನೋಟಕ್ಕೆ ಜಿ2ನ್ನು ರಾಜನ ಕಾವಲಿಗೆ ಒಪ್ಪಿಸಿದ್ದಷ್ಟೇ ಕಾಣುತ್ತದೆ. ಒಳಗೆ ಇನ್ನೊಂದಿದೆ. ಡಿ2ರ ಕಾಲಾಳು ಡಿ4ಕ್ಕೆ ಹೋದರೆ ಇ5ರ ಕುದುರೆಗೆ ಏಟು ಬೀಳುತ್ತದೆ, ಅದೇ ಹೊತ್ತಿಗೆ ಸಿ1ರ ಒಂಟೆಯ ದಾರಿ ತೆರೆದು ಜಿ5ರ ರಾಣಿಗೂ ಏಟು. ಒಂದೇ ಕಾಲಾಳಿನಿಂದ ಎರಡು ಬೆದರಿಕೆ. ಇದನ್ನು ಎಂಟನೇ ನಡೆಯಲ್ಲೇ ಯಾಕೆ ಆಡಬಾರದಿತ್ತು? ಆಡಿದ್ದರೆ ಕಪ್ಪು ರಾಣಿ ಜಿ2ರ ಕಾಲಾಳನ್ನು ಹೊಡೆದು ತಪ್ಪಿಸಿಕೊಳ್ಳುತ್ತಿತ್ತು, ಬಿಳಿ ಕುದುರೆಯನ್ನು ಹೊಡೆದುಕೊಳ್ಳುವಷ್ಟರಲ್ಲಿ ಎಚ್1ರ ಆನೆ ಚೆಕ್ ಸಮೇತ ಹೋಗುತ್ತಿತ್ತು. ಕ್ಯಾಸ್ಲಿಂಗ್ ಆದಮೇಲೆ ಆ ಬಾಗಿಲು ಮುಚ್ಚಿತು. ಡಿ4 ಈಗ ನಿಜವಾದ ಬೆದರಿಕೆ.

ಅವಳು ಎರಡು ಸೆಕೆಂಡಿನಲ್ಲಿ ತಾನೂ ಕ್ಯಾಸ್ಲಿಂಗ್ ಮಾಡಿದಳು. ಯಾಕೆ ಅಂತ ಕೇಳಿದ್ದಕ್ಕೆ ಬಂದ ಉತ್ತರ, “ಬೇಗ ಕ್ಯಾಸ್ಲಿಂಗ್ ಮಾಡ್ಬೇಕು ಅಂತಾರಲ್ಲ.”

ಅನ್ನುತ್ತಾರೆ, ಸರಿಯೇ. ಅವನ ತಂತ್ರದ ಹಾಗೆ ಅವಳ ನಿಯಮವೂ ಸುಳ್ಳಲ್ಲ. ಎದುರಾಳಿ ಈಗಷ್ಟೇ ಆಡಿದ ನಡೆಯಿಂದ ಏನು ಬದಲಾಯಿತು ಅಂತ ನೋಡುವುದಕ್ಕೆ ಮುಂಚೆ ಕೈ ಓಡಿತು. ಎಂಟನೇ ನಡೆಯಲ್ಲಿ ರಾಣಿಯನ್ನು ಸುಮ್ಮನೆ ಡಿ8ಕ್ಕೆ ಕಳಿಸಿದ್ದರೂ, ಇ5ರ ಕುದುರೆಯನ್ನು ಸಿ6ಕ್ಕೆ ಎಳೆದುಕೊಂಡಿದ್ದರೂ ಹೆಚ್ಚಿನ ಕಾಯಿ ಉಳಿಯುತ್ತಿತ್ತು. ಹಿಂದೆ ಹೋಗುವ ನಡೆ ಅವಮಾನದಂತೆ ಕಾಣುವುದರಿಂದ ಹವ್ಯಾಸಿಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಡಿ4 ಬಂದಮೇಲೆ ಉಪಾಯ ಹುಡುಕಿದೆವು. ರಾಣಿ ಜಿ4ಕ್ಕೆ ಹೋಗಿ ರಾಣಿ ಬದಲಾವಣೆಗೆ ಕರೆದರೆ? ಬಿಳಿ ಆ ಕರೆಗೆ ಓಗೊಟ್ಟು ಜಿ4ರಲ್ಲಿ ರಾಣಿಯನ್ನು ಹೊಡೆದರೆ ಕಪ್ಪು ಕುದುರೆ ಮರಳಿ ಹೊಡೆದು ಬಚಾವಾಗುತ್ತದೆ. ಆದರೆ ಬಿಳಿ ಹಾಗೆ ಮಾಡಬೇಕಿಲ್ಲ. ಮೊದಲು ಇ5ರ ಕುದುರೆಯನ್ನು ಹೊಡೆದು, ಕಪ್ಪು ಇ2ರಲ್ಲಿ ರಾಣಿಯನ್ನು ಹೊಡೆದಾಗ ಸಿ3ರ ಕುದುರೆಯಿಂದ ಮರಳಿ ಹೊಡೆದರೆ ಸಾಕು. ಕುದುರೆ ಎಫ್3ಕ್ಕೆ ಹಾರಿ ಚೆಕ್ ಕೊಟ್ಟರೆ? ಬಿಳಿ ರಾಣಿ ಅದನ್ನು ಹೊಡೆಯುತ್ತದೆ, ಅವಳ ರಾಣಿ ಇನ್ನೂ ಏಟಿನಲ್ಲೇ ಇರುತ್ತದೆ. ಯಾವ ದಾರಿಯಲ್ಲಿ ಹೋದರೂ ಕುದುರೆ ವಾಪಸ್. ಆಟದಲ್ಲಿ ಆಡಿದ ರಾಣಿ ಜಿ6 ಇವುಗಳಿಗಿಂತ ಕೆಟ್ಟದ್ದಲ್ಲ.

ಹತ್ತನೇ ನಡೆಯ ಚಿತ್ರವನ್ನು ಒಮ್ಮೆ ನೋಡಬೇಕು. ಕಪ್ಪಿನ ಹತ್ತು ನಡೆಗಳಲ್ಲಿ ಕುದುರೆಯದು ಎರಡು, ಒಂಟೆಯದು ಎರಡು, ರಾಣಿಯದು ಎರಡು. ಆ ಕುದುರೆಯೂ ಒಂಟೆಯೂ ಈಗ ಮಣೆಯ ಮೇಲಿಲ್ಲ. ಎಫ್8ರ ಒಂಟೆ, ಜಿ8ರ ಕುದುರೆ, ಎಚ್8ರ ಆನೆ ಎದ್ದೇ ಇಲ್ಲ. 1858ರಲ್ಲಿ ಪ್ಯಾರಿಸ್‌ನ ಒಪೆರಾ ಮಂದಿರದಲ್ಲಿ ಅಮೆರಿಕದ ಮಹಾನ್ ಆಟಗಾರ ಪಾಲ್ ಮಾರ್ಫಿ, ಬ್ರುನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುವಾರ್ ಜೋಡಿಯನ್ನು ಸೋಲಿಸಿದ ಪ್ರಸಿದ್ಧ ಆಟವನ್ನು ಅವಳಿಗೆ ತೋರಿಸಿದೆ. ಅಲ್ಲೂ ಕಪ್ಪು ಬೇಗನೆ, ಮೂರನೇ ನಡೆಗೇ ಒಂಟೆಯನ್ನು ಜಿ4ಕ್ಕೆ ತಂದಿತ್ತು, ಅಲ್ಲೂ ಅದು ಬಲುಬೇಗ ಎಫ್3ರ ಕುದುರೆಗೆ ಬದಲಾಗಿ ಹೋಯಿತು. ಏಳನೇ ನಡೆಯಲ್ಲಿ ಕಪ್ಪು ರಾಣಿ ಇ7ಕ್ಕೆ ಬಂದು ತನ್ನದೇ ಒಂಟೆಯ ದಾರಿಗೆ ಅಡ್ಡ ನಿಂತಿತು. ಹದಿನೇಳನೇ ನಡೆಗೆ ಚೆಕ್‌ಮೇಟ್ ಆದಾಗ ಎಫ್8ರ ಒಂಟೆಯೂ ಎಚ್8ರ ಆನೆಯೂ ಒಂದು ಹೆಜ್ಜೆ ಇಟ್ಟಿರಲಿಲ್ಲ. ನಮ್ಮ ಆಟದ ಬಿಳಿ ಮಾರ್ಫಿ ಅಲ್ಲವಾದ್ದರಿಂದ ಶಿಕ್ಷೆ ಅಷ್ಟು ಬೇಗ ಬರಲಿಲ್ಲ.

ಇನ್ನು ಅಭ್ಯಾಸದ ಮಾತು. ಹೊಸ ಓಪನಿಂಗ್ ಕಲಿಯುವ ಆಸೆ ಇಬ್ಬರಿಗೂ ಇತ್ತು. ಬೇಡ ಅಂದೆ. ಇಬ್ಬರೂ ಎಡವಿದ್ದು ಗೊತ್ತಿಲ್ಲದ ಓಪನಿಂಗ್‌ನಲ್ಲಿ ಅಲ್ಲ, ಗೊತ್ತಿದೆ ಅಂದುಕೊಂಡದ್ದರಲ್ಲಿ. ಹೊಸದೊಂದು ಕಲಿತರೆ ಪಟಕ್ಕನೆ ಬರುವ ನಡೆಗಳು ಇನ್ನಷ್ಟು ಹೆಚ್ಚುತ್ತವೆ. ಬದಲಿಗೆ ಅವನಿಗೆ ಮೂರು ಸ್ಥಿತಿಗಳನ್ನು ಕೊಟ್ಟೆ: ಒಂದರಲ್ಲಿ ಕಪ್ಪು ಒಂಟೆ ಜಿ4ರಲ್ಲಿ, ಕುದುರೆ ಸಿ6ರಲ್ಲಿ; ಇನ್ನೊಂದರಲ್ಲಿ ಒಂಟೆ ಎಚ್5ರಲ್ಲಿ, ಕುದುರೆ ಸಿ6ರಲ್ಲಿ; ಮೂರನೆಯದರಲ್ಲಿ ಒಂಟೆ ಜಿ4ರಲ್ಲಿ, ಕುದುರೆ ಇನ್ನೂ ಬಿ8ರಲ್ಲೇ. ಮೂರರಲ್ಲೂ ಇ5ರಲ್ಲಿ ಹೊಡೆದು, ಕಪ್ಪಿಗೆ ಸಾಧ್ಯವಿರುವ ಪ್ರತಿ ಉತ್ತರವನ್ನೂ ಕೈಯಾರೆ ಆಡಿ ಮುಗಿಸಬೇಕು, ಎಂಜಿನ್ ಮುಟ್ಟಬಾರದು. ಅವಳಿಗೆ ಕೊಟ್ಟದ್ದು ಬೇರೆ. ತನ್ನ ಹಳೆಯ ಆಟಗಳಲ್ಲಿ ಕಾಯಿ ಹೆಚ್ಚಾದ ತಕ್ಷಣದ ನಡೆಗಳನ್ನು ತೆಗೆದು, ಎದುರಾಳಿಯ ಹಿಂದಿನ ನಡೆ ಯಾವ ಮನೆಯನ್ನು ಬಿಟ್ಟುಬಂತು, ಯಾವ ದಾರಿ ತೆರೆಯಿತು ಅಂತ ಪ್ರತಿಯೊಂದಕ್ಕೂ ಒಂದು ಸಾಲು ಬರೆಯಬೇಕು. ಬರೆಯುವುದು ಅವಳಿಗೆ ಇಷ್ಟವಾಗಲಿಲ್ಲ, ಬಾಯಲ್ಲಿ ಹೇಳಿಕೊಳ್ಳುತ್ತೇನೆ ಅಂದಳು. ಬಾಯಲ್ಲಿ ಹೇಳಿದ್ದು ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಅದಕ್ಕೇ ಒಪ್ಪಲಿಲ್ಲ.

ಆಮೇಲೊಮ್ಮೆ ಇಬ್ಬರೂ ಅದೇ ಬಣ್ಣಗಳಲ್ಲಿ ಆಡಿದಾಗ ಮೊದಲ ನಾಲ್ಕು ನಡೆ ಹಾಗೇ ಬಂದವು. ಅವನು ಎಚ್3 ಆಡಿದ. ಅವಳು ಈಗ ಎಚ್5ಕ್ಕೆ ಹೋಗುವಷ್ಟು ಅಮಾಯಕಳಲ್ಲ, ಎಫ್3ರ ಕುದುರೆಯನ್ನು ಹೊಡೆದಳು. ರಾಣಿ ಮರಳಿ ಹೊಡೆದು ಎಫ್3ಕ್ಕೆ ಬಂತು. ಸಿ4ರ ಒಂಟೆಯ ಜೊತೆ ಸೇರಿ ಎಫ್7ರಲ್ಲಿ ಒಂದೇ ನಡೆಯ ಚೆಕ್‌ಮೇಟ್ ಬೆದರಿಕೆ. ಅವಳು ಅರ್ಧ ನಿಮಿಷ ತೆಗೆದುಕೊಂಡು ಜಿ8ರ ಕುದುರೆಯನ್ನು ಎಫ್6ಕ್ಕೆ ತಂದು ದಾರಿ ಮುಚ್ಚಿದಳು. ಟ್ರ್ಯಾಪ್ ಬೀಳಲಿಲ್ಲ, ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಬಿಳಿಯ ಬಳಿ ಎರಡೂ ಒಂಟೆ ಉಳಿದವು, ಕಪ್ಪಿಗೆ ಕ್ಯಾಸ್ಲಿಂಗ್ ಇನ್ನೆರಡು ನಡೆ ದೂರ. ಅವನು ಡಿ3 ಆಡಿ, ಸಿ1ರ ಒಂಟೆಗೆ ದಾರಿ ಬಿಟ್ಟ.